ಗುಡ್ಡದ ಕಮರಕ್ಕೆ ಮರಿ ಗಿಡ ಯಾಕಿಲ್ಲ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ, ತುಂಗಭದ್ರೆಯ ಎಡದಂಡೆ ಕಡೆಯ ಒಂದು ಹಳ್ಳಿ. ಊರ ಹಿಂದಿನ ಕಲ್ಲುಗುಡ್ಡದಲ್ಲಿ ಕಮರದ ಮರಗಳಿವೆ. ಈ ಸಲ ಹುಡುಗರು ಎಣಿಸಿದಾಗ 37 ಸಿಕ್ಕವು. ಎಲ್ಲವೂ ದೊಡ್ಡವೇ, ಸಣ್ಣ ಗಿಡ ಒಂದೂ ಕಾಣವಲ್ದು. ನಮಗೆ ತಿಳಿದಂತೆ ಸುತ್ತ ಮೂವತ್ತು ಕಿಲೋಮೀಟರಿನೊಳಗೆ ಬೇರೆಲ್ಲೂ ಕಮರ ಇಲ್ಲ. ‘ಇವು ಮುದಿಯಾಗ್ಯಾವ, ಬೀಜಕ್ಕ ಜೀವ ಇಲ್ಲ’ ಅಂತಾರೆ ಹಿರಿಯರು. ಮಳೆ ಕಡಿಮೆಯಾಗಿದ್ದೇ ಕಾರಣ ಅಂತ ಇನ್ನು ಕೆಲವರು. ಮೂರು ವರ್ಷದ ಹಿಂದೆ ಬೀಜ ಆರಿಸಿ ಹಾಕಿದ್ದೆವು. ನೂರಕ್ಕೂ ಹೆಚ್ಚು ಮೊಳೆತವು, ಸಂಕ್ರಾಂತಿ ಹೊತ್ತಿಗೆ ಎಲ್ಲ ಒಣಗಿದವು, ಬಹಳಷ್ಟನ್ನು ಕಿತ್ತು ಹಾಕಿದೆವು. ಈಗ ಒಬ್ಬರು ಮಧ್ಯಪ್ರದೇಶದಿಂದ ಸಸಿ ತರಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ತರಿಸಬೇಕೆ? ಇಲ್ಲ, ಬೇವು, ಹೊಂಗೆ ನೆಟ್ಟು ಗುಡ್ಡ ಹಸಿರು ಮಾಡಿಬಿಡುವುದೇ ಲೇಸೆ?

ಉತ್ತರ: ಈ 37 ಮರ ಹೋದರೆ ಗುಡ್ಡದಲ್ಲಿ ಕಮರದ ವಂಶವೇ ಮುಗಿಯುತ್ತದೆಯೇ ಎಂಬುದು ನಿಮ್ಮ ಚಿಂತೆ. ಮುಗಿಯಬೇಕಾಗಿಲ್ಲ. ಹಿರಿಯರ ಮಾತಿಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ನೂರಕ್ಕೂ ಹೆಚ್ಚು ಬೀಜ ಮೊಳೆತವು ಎಂದ ಮೇಲೆ ಬೀಜಕ್ಕೆ ಜೀವ ಇದೆ. ಸಂಕ್ರಾಂತಿಗೆ ಒಣಗಿದ ಸಸಿಗಳಲ್ಲಿ ಹಲವು ಆಗ ಸತ್ತಿರಲಿಲ್ಲ ಎಂಬುದೂ ಬಹುಮಟ್ಟಿಗೆ ಖಚಿತ. ಕಿತ್ತಿದ್ದಕ್ಕೆ ನೊಂದುಕೊಳ್ಳಬೇಡಿ, ಕಮರದ ವಿಷಯದಲ್ಲಿ ಅನೇಕರು ಮೋಸಹೋಗುವುದು ಇಲ್ಲೇ.

ಮಳೆಗಾಲದಲ್ಲಿ ಮೊಳೆತ ಕಮರ ಮೊದಲ ವರ್ಷ ಮೇಲೆ ಒಂದು ಗೇಣು ಏಳುವುದೂ ಕಷ್ಟ. ಅಷ್ಟರಲ್ಲಿ ತಾಯಿಬೇರು ಅದರ ಎರಡು ಮೂರು ಪಟ್ಟು ಕೆಳಗಿಳಿದಿರುತ್ತದೆ. ಗಿಡ ತನ್ನ ಗಳಿಕೆಯನ್ನೆಲ್ಲ ನೆಲದೊಳಗೆ ಕೂಡಿಡುತ್ತದೆ. ಚಳಿಗಾಲದಲ್ಲಿ ಮಣ್ಣಿನ ಮೇಲ್ಪದರ ಆರಿತೆಂದರೆ ಕಾಂಡ ಒಣಗುತ್ತದೆ, ಬೇರು ಬದುಕಿರುತ್ತದೆ, ಮುಂದಿನ ಮಳೆಗೆ ಬುಡದಿಂದ ಮತ್ತೆ ಚಿಗುರುತ್ತದೆ. ಹೀಗೆ ಕೆಲವು ವರ್ಷ ಒಣಗುತ್ತ, ಚಿಗುರುತ್ತ ಇರುತ್ತದೆ. ಬೇರು ಬಂಡೆಯ ಸಂದಿನಲ್ಲಿ ತೇವ ಸಿಗುವ ಆಳ ಮುಟ್ಟಿದ ಮೇಲೆ ಯಾವುದೋ ಒಂದು ಮಳೆಗಾಲದಲ್ಲಿ ಕಾಂಡ ನೆಟ್ಟಗೆ ಎದ್ದು ನಿಲ್ಲುತ್ತದೆ.

ಒಣಗಿದ ಸಸಿ ಸತ್ತಿದೆಯೋ ಇಲ್ಲವೋ ನೋಡಲು ಬುಡದ ಮಣ್ಣನ್ನು ಕೈಯಿಂದ ಸರಿಸಿ. ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಹಸಿ ಕಂಡು ಉಗುರಿಗೆ ತೇವ ತಾಗಿದರೆ ಬದುಕಿದೆ. ಕಂದು ನಾರು ಪುಡಿಪುಡಿಯಾಗಿ ಬಂದರೆ ಮಾತ್ರ ಸತ್ತಿದೆ. ನೋಡಿದ ಮೇಲೆ ಮಣ್ಣು ಮುಚ್ಚಿ. ನಿಮ್ಮ ಹಳೆಯ ಗುಣಿಗಳಲ್ಲಿ ಕೀಳದೆ ಉಳಿದವು ಇದ್ದರೆ, ಮೊದಲ ಒಳ್ಳೆಯ ಮಳೆಯಾಗಿ ಮೂರು ವಾರ ಕಳೆದ ಮೇಲೆ ಒಮ್ಮೆ ಹೋಗಿ ಹುಡುಕಿ. ಎಲೆ ಗುರುತಿಸುವುದು ಸುಲಭ: ಒಂದು ತೊಟ್ಟಿಗೆ ಎರಡೇ ಎಲೆ, ಬುಡದಲ್ಲಿ ಕೂಡಿಕೊಂಡು ದನದ ಗೊರಸು ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಶಾಸ್ತ್ರೀಯ ಹೆಸರು ಹಾರ್ಡ್‌ವಿಕಿಯಾ ಬೈನೇಟಾ. ಜೋಡಿ ಎಂಬ ಅರ್ಥದ ಆ ‘ಬೈನೇಟಾ’ ಬಂದಿದ್ದೇ ಈ ಎಲೆಯಿಂದ. ಮಂದಾರ ಜಾತಿಯ ಗಿಡಗಳಲ್ಲಿ ಒಂದೇ ಎಲೆ ತುದಿಯಲ್ಲಿ ಸೀಳಿರುತ್ತದೆ, ಇಲ್ಲಿ ಎರಡೂ ಬೇರೆಬೇರೆ.

ಇನ್ನು ಮಳೆಯ ಮಾತು. ಮಧ್ಯಭಾರತದಲ್ಲಿ ಇದನ್ನು ಅಂಜನ್ ಅನ್ನುತ್ತಾರೆ, ತೆಲುಗಿನಲ್ಲಿ ನಾರಯೇಪಿ, ತಮಿಳಿನಲ್ಲಿ ಆಚ್ಚಾ. ತಮಿಳುನಾಡಿನ ನರಸಿಂಗಂಪೇಟೆಯ ನಾಗಸ್ವರ ಆಗುವುದು ಇದೇ ಮರದಿಂದ. ಉತ್ತರಪ್ರದೇಶದ ಬಾಂದಾ ಜಿಲ್ಲೆಯಿಂದ ಹಿಡಿದು ತಮಿಳುನಾಡಿನ ಸೇಲಂ ಕಡೆಯವರೆಗೆ ಇದರ ಹರಹು ಇದೆ. ಆದರೆ ಎಲ್ಲೂ ಒಂದೇ ಸಮನೆ ಹಬ್ಬಿಲ್ಲ, ಇಲ್ಲೊಂದು ತುಣುಕು ಅಲ್ಲೊಂದು ತುಣುಕು. ನಮ್ಮಲ್ಲಿ ಚಿತ್ರದುರ್ಗ, ಶಿರಾ ಕಡೆಯ ಬುಕ್ಕಾಪಟ್ಟಣ, ಕೂಡ್ಲಿಗಿಯ ಗುಡೇಕೋಟೆ ಸುತ್ತ ಒಳ್ಳೆಯ ಕಮರದ ಕಾಡುಗಳಿವೆ. ಭಾರತದ ಕಾಡುಗಳನ್ನು ವಿಂಗಡಿಸುವಾಗ ಚಾಂಪಿಯನ್ ಮತ್ತು ಸೇಥ್ ಎಂಬ ಅರಣ್ಯತಜ್ಞರು ಕಮರದ ಕಾಡನ್ನು ಮಣ್ಣಿನ ಗುಣ ನಿರ್ಧರಿಸಿದ ಕಾಡು ಎಂದೇ ಬೇರೆ ಇಟ್ಟರು. ನಿಮ್ಮ ಗುಡ್ಡವನ್ನು ಅರ್ಥಮಾಡಿಕೊಳ್ಳಲು ಈ ಮಾತು ಮುಖ್ಯ. 500ರಿಂದ 650 ಮಿಲಿಮೀಟರ್ ಮಳೆ ಕಮರಕ್ಕೆ ಸಾಲದೆ ಹೋಗುವ ಮಳೆಯಲ್ಲ, ಅದು ಅದರ ಹದವಾದ ಮಳೆ. ಅದಕ್ಕೆ ಒಗ್ಗದ್ದು ಎರೆ ನೆಲ, ಅಂದರೆ ಕಪ್ಪು ಜಿಗುಟು ಮಣ್ಣು. ಕೊಪ್ಪಳದಿಂದ ಈಶಾನ್ಯಕ್ಕೆ, ಸಿಂಧನೂರು, ಮಾನ್ವಿ ಕಡೆಗೆ ಎರೆ ಹಬ್ಬುತ್ತ ಹೋದ ಹಾಗೆ ಕಮರಕ್ಕೆ ಕಾಲೂರಲು ಉಳಿಯುವುದು ಮಸಾರಿ (ಕೆಂಪು ಮಣ್ಣು), ಗರಸು (ಕಲ್ಲುಹರಳಿನ ಮಣ್ಣು) ಇರುವ ಕಲ್ಲುಗುಡ್ಡಗಳು ಮಾತ್ರ. ಅಂದರೆ ನಿಮ್ಮ ಗುಡ್ಡ ಎರೆಯ ನಡುವೆ ಉಳಿದ ಒಂದು ನಡುಗಡ್ಡೆ. ಅಲ್ಲಿಯ ಮರಗಳು ಅಂಚಿನಲ್ಲಿರುವುದು ಅವು ಬಡವಾದ ಕಾರಣಕ್ಕಲ್ಲ, ಅದರಾಚೆ ಅವಕ್ಕೆ ಬೇಕಾದ ನೆಲ ಇಲ್ಲ ಎಂಬ ಕಾರಣಕ್ಕೆ.

ಮಳೆಯ ಪಾತ್ರವೇ ಇಲ್ಲ ಎನ್ನಲಾರೆ. ದೊಡ್ಡ ಮರ ಬರವನ್ನು ತಡೆದುಕೊಳ್ಳುತ್ತದೆ, ಮೊದಲ ವರ್ಷದ ಸಸಿ ತಡೆದುಕೊಳ್ಳುವುದಿಲ್ಲ. ಕಮರ ಪ್ರತಿ ವರ್ಷ ಬೀಜ ಕಟ್ಟುವುದೂ ಇಲ್ಲ. ಮೂರರಿಂದ ಐದು ವರ್ಷಕ್ಕೊಮ್ಮೆ ಮರ ತುಂಬ ಕಾಯಿ, ನಡುವಿನ ವರ್ಷಗಳಲ್ಲಿ ಅಲ್ಪಸ್ವಲ್ಪ ಅಥವಾ ಏನೂ ಇಲ್ಲ. ಬೀಜದ ವರ್ಷ ಬರಬೇಕು, ಆ ವರ್ಷ ಮಳೆ ಹಿಡಿದು ಬರಬೇಕು, ಮುಂದಿನ ನಾಲ್ಕೈದು ವರ್ಷ ಬೆಂಕಿ, ಮೇಕೆ ತಪ್ಪಬೇಕು. ಇವಿಷ್ಟೂ ಕೂಡಿ ಬರುವುದು ಅಪರೂಪ. ಆದ್ದರಿಂದ ಕಮರದ ತುಣುಕುಗಳಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಮರಗಳು ಗುಂಪಾಗಿ ಕಾಣುವುದು ಸಹಜ. ಹತ್ತು ಹದಿನೈದು ವರ್ಷ ಮರಿ ಗಿಡ ಕಾಣದಿದ್ದರೆ ಗಾಬರಿ ಬೇಡ. ಮೂವತ್ತು ನಲವತ್ತು ವರ್ಷ ಕಾಣದಿದ್ದರೆ ಏನೋ ತಡೆ ಇದೆ ಎಂದೇ ಲೆಕ್ಕ.

ನಿಮ್ಮಲ್ಲಿ ಯಾವುದು ಎಂದು ತಿಳಿಯಲು ಒಂದು ದಿನದ ಕೆಲಸ ಮಾಡಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, 37 ಮರಗಳ ಸುತ್ತಳತೆಯನ್ನೂ ಟೇಪಿನಿಂದ ಅಳೆದು ಬರೆದುಕೊಳ್ಳಿ. 30 ಸೆಂಟಿಮೀಟರ್ ಒಳಗಿನವು, 30ರಿಂದ 60, 60ರಿಂದ 90, ಅದಕ್ಕೂ ಮೇಲೆ ಎಂದು ನಾಲ್ಕು ಗುಂಪು ಮಾಡಿ. ಮೊದಲ ಎರಡು ಗುಂಪು ಪೂರ್ತಿ ಖಾಲಿ ಇದ್ದರೆ ತಡೆ ಬಹಳ ಹಳೆಯದು. ಅಳೆಯುವಾಗಲೇ ಪ್ರತಿ ಮರದ ತಲೆ ನೋಡಿ: ಕೊಂಬೆ ಕಡಿದ ಗಂಟುಗಳೆಷ್ಟು, ಗಂಟಿನಿಂದ ಪೊರಕೆಯ ಹಾಗೆ ಎದ್ದ ಚಿಗುರೆಷ್ಟು, ಬುಡದಲ್ಲಿ ತೊಗಟೆ ಸುಲಿದಿದ್ದಾರೆಯೆ, ಬುಡ ಸುಟ್ಟಿದೆಯೆ. ಈ ನಾಲ್ಕು ಸಂಗತಿ ಬರೆದುಕೊಂಡರೆ ಅರ್ಧ ಕಾರಣ ಕಾಗದದ ಮೇಲೆ ಬರುತ್ತದೆ.

ಇಂಥ ಗುಡ್ಡಗಳಲ್ಲಿ ಸಾಮಾನ್ಯವಾಗಿ ದೊಡ್ಡ ಕಾರಣ ಸೊಪ್ಪು ಕಡಿಯುವುದು. ಕಮರದ ಸೊಪ್ಪು ಕುರಿ, ಮೇಕೆ, ದನ ಎಲ್ಲಕ್ಕೂ ಇಷ್ಟ. ಸುತ್ತೆಲ್ಲ ಬೋಳಾಗಿರುವ ಏಪ್ರಿಲ್‌ನಲ್ಲಿ ಕಮರ ಕೆಂಪು ಛಾಯೆಯ ಹೊಸ ಎಲೆ ಬಿಡುತ್ತದೆ. ಕುರಿಯವರಿಗೆ ಆಗ ಅದೊಂದೇ ದಿಕ್ಕು, ಅವರನ್ನು ದೂರಿ ಫಲವಿಲ್ಲ. ಆದರೆ ಕಾಯಿ ಬಲಿಯುವುದೂ ಅದೇ ಏಪ್ರಿಲ್–ಮೇ ತಿಂಗಳಲ್ಲಿ. ಸೊಪ್ಪಿನ ಜತೆ ಆ ವರ್ಷದ ಬೀಜವೂ ಕೆಳಗೆ ಬರುತ್ತದೆ. ಕಡಿದ ಮರ ಮತ್ತೆ ಹೂ ಹೊರಲು ತಲೆ ಕಟ್ಟಿಕೊಳ್ಳಬೇಕು, ಅಷ್ಟರಲ್ಲಿ ಮತ್ತೆ ಕೊಡಲಿ. ವರ್ಷವರ್ಷವೂ ಕಡಿಸಿಕೊಳ್ಳುವ ಮರ ಹೂವನ್ನೇ ಬಿಡದೆ ನಿಂತುಬಿಡುತ್ತದೆ. ಹಿರಿಯರು ‘ಮುದಿ’ ಎಂದದ್ದು ಇಂಥ ಮರಗಳನ್ನು ನೋಡಿಯೇ ಇರಬೇಕು.

ಇದಕ್ಕೆ ಒಪ್ಪಂದವೇ ಮದ್ದು. 37ರಲ್ಲಿ ಚೆನ್ನಾಗಿ ತಲೆ ಕಟ್ಟಿರುವ 20 ಮರಗಳನ್ನು ತಾಯಿಮರ ಎಂದು ಆರಿಸಿ. ಒಂದೇ ಮೂಲೆಯವು ಬೇಡ, ಗುಡ್ಡದ ಎಲ್ಲ ಕಡೆಯವು ಇರಲಿ. ಆಳೆತ್ತರದಲ್ಲಿ ಕೆಮ್ಮಣ್ಣಿನ ಪಟ್ಟೆ ಬಳಿಯಿರಿ. ಅವುಗಳಿಗೆ ಕನಿಷ್ಠ ಐದು ವರ್ಷ ಕೊಡಲಿ, ದೋಟಿ ತಾಗಕೂಡದು. ಉಳಿದ 17 ಮರಗಳ ಸೊಪ್ಪು ಕುರಿಯವರಿಗಿರಲಿ. ಅದರಲ್ಲೂ ವರ್ಷಕ್ಕೆ ಆರೇಳು ಮರ ಮಾತ್ರ, ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ, ತುದಿಯ ಮುಖ್ಯ ಕಾಂಡ ಮುಟ್ಟುವಂತಿಲ್ಲ. ಪೂರ್ತಿ ನಿಷೇಧ ಹೇರಿದ ಕಡೆ ರಾತ್ರಿ ಹೊತ್ತು ಬುಡಕ್ಕೇ ಕೊಡಲಿ ಬೀಳುತ್ತದೆ, ಪಾಲು ಕೊಟ್ಟ ಕಡೆ ಮರ ಉಳಿಯುತ್ತದೆ. ನಾರಿಗಾಗಿ ತೊಗಟೆ ಸುಲಿಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು. ಸುತ್ತ ಸುಲಿದರೆ ಎಂಥ ಮರವೂ ಉಳಿಯದು.

ಬೆಂಕಿ ಎರಡನೆಯದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣ ಹುಲ್ಲಿಗೆ ಬಿದ್ದ ಬೆಂಕಿ ಹಿಂದಿನ ವರ್ಷದ ಸಸಿಗಳ ಬುಡವನ್ನು ಸುಡುತ್ತದೆ. ಒಮ್ಮೆ ಸುಟ್ಟರೆ ಬೇರು ಚಿಗುರೀತು, ಸಾಲಾಗಿ ಮೂರು ವರ್ಷ ಸುಟ್ಟರೆ ಬೇರಿನ ದಾಸ್ತಾನು ಮುಗಿಯುತ್ತದೆ. ಜನವರಿ ಮುಗಿಯುವುದರೊಳಗೆ ಗುಡ್ಡದ ಬುಡದ ಸುತ್ತ ಮೂರು ಮೀಟರ್ ಅಗಲಕ್ಕೆ ಹುಲ್ಲು ಕೆತ್ತಿ ತೆಗೆಯಿರಿ.

ಈಗ ಮಧ್ಯಪ್ರದೇಶದ ಸಸಿ. ಬೇಡ. ಹೊರಗಿನದು ಎಂಬ ಹಟದಿಂದ ಹೇಳುತ್ತಿಲ್ಲ, ಇದರ ಹಿಂದೆ ತೂಗಿ ನೋಡಬೇಕಾದ ಎರಡು ಸಂಗತಿಗಳಿವೆ. ಒಂಟಿಯಾಗಿ ಉಳಿದ ತುಣುಕಿನಲ್ಲಿ ನೆಂಟರ ನಡುವೆಯೇ ಪರಾಗಸ್ಪರ್ಶ ಆಗುತ್ತ ಹೋದರೆ ತಲೆಮಾರು ಕಳೆದಂತೆ ಜೊಳ್ಳು ಬೀಜ, ಕುಂಠಿತ ಸಸಿ ಹೆಚ್ಚಾಗುತ್ತವೆ. ಮೂವತ್ತು ಕಿಲೋಮೀಟರ್ ದಾಟಿ ಪರಾಗ ಬರುವುದನ್ನು ನೆಚ್ಚಿಕೊಳ್ಳುವಂತಿಲ್ಲ. ರೆಕ್ಕೆಯ ಕಾಯಿ ಗಾಳಿಗೆ ಹಾರಿದರೂ ಮರದ ಎತ್ತರದ ಕೆಲವು ಪಟ್ಟು ದೂರ ಹೋದೀತು, ಅಷ್ಟೇ. ಆದ್ದರಿಂದ ಹೊಸ ರಕ್ತ ಸ್ವಲ್ಪ ಬೇಕು ಎಂಬ ಮಾತಿನಲ್ಲಿ ಸತ್ಯವಿದೆ. ಇನ್ನೊಂದು ಕಡೆ, ನಿಮ್ಮ ಮರಗಳು ಇಲ್ಲಿಯ ಬಿಸಿಲು, ಇಲ್ಲಿಯ ಗರಸು, ಸೆಪ್ಟೆಂಬರಿನಲ್ಲಿ ತುಂಬುವ ಇಲ್ಲಿಯ ಮಳೆಗಾಲ ಇವುಗಳಲ್ಲಿ ಜರಡಿ ಹಿಡಿದು ಉಳಿದವು. ಮಧ್ಯಪ್ರದೇಶದ ಮಳೆ ಜುಲೈ–ಆಗಸ್ಟ್‌ನಲ್ಲಿ ಸುರಿದು ಮುಗಿಯುತ್ತದೆ, ಚಳಿಯೂ ಬೇರೆ. ಆ ಲೆಕ್ಕಕ್ಕೆ ಹೊಂದಿಕೊಂಡ ತಳಿಯನ್ನು ರಾಶಿ ರಾಶಿ ತಂದು ನೆಟ್ಟರೆ ಮುಂದಿನ ತಲೆಮಾರಿನಲ್ಲಿ ನಿಮ್ಮ ಮರಗಳ ಗುಣ ಕಲಸಿಹೋಗುತ್ತದೆ. ಒಮ್ಮೆ ಕಲಸಿದ್ದನ್ನು ಮತ್ತೆ ಬಿಡಿಸಲಾಗದು.

ನಡುವಿನ ದಾರಿ ಹೀಗಿದೆ. ಹತ್ತು ಗುಣಿಗಳಲ್ಲಿ ಎಂಟೊಂಬತ್ತಕ್ಕೆ ನಿಮ್ಮ ಗುಡ್ಡದ್ದೇ ಬೀಜ. ಉಳಿದ ಒಂದೆರಡಕ್ಕೆ ಹತ್ತಿರದ, ಅದೇ ಮಣ್ಣು ಮಳೆಯ ಕಮರದ ಕಾಡಿನ ಬೀಜ. ಕೂಡ್ಲಿಗಿ ಕಡೆಯದು ಸಿಕ್ಕರೆ ಅದೇ ಸರಿ, ಇಲ್ಲವೆಂದರೆ ಚಿತ್ರದುರ್ಗದ್ದು. ತಲೆಮಾರಿಗೆ ಒಂದಿಷ್ಟೇ ಹೊರಗಿನ ಗಿಡ ಬೆಳೆದು ಹೂ ಬಿಟ್ಟರೂ ಒಳಸಂಬಂಧದ ಕೆಡುಕು ಬಹಳಷ್ಟು ತಗ್ಗುತ್ತದೆ, ಅದಕ್ಕಿಂತ ಹೆಚ್ಚು ಅಗತ್ಯವಿಲ್ಲ. ಹೊರಗಿನ ಬೀಜದ ಗುಣಿಗಳಿಗೆ ಬೇರೆ ಗುರುತು ಇರಲಿ, ಗುಡ್ಡದ ಒಂದು ಪಕ್ಕದಲ್ಲೇ ಇರಲಿ. ಹತ್ತು ವರ್ಷದ ನಂತರ ಯಾರು ಚೆನ್ನಾಗಿ ನಿಂತರು ಎಂದು ನೋಡಲು ಅದು ಬೇಕು.

ಬೀಜದ ಕೆಲಸಕ್ಕೆ ಸಿದ್ಧತೆ ಒಂದು ವರ್ಷ ಮೊದಲೇ ಶುರುವಾಗುತ್ತದೆ. ಕಮರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹಸಿರು ಮಿಶ್ರಿತ ಮಾಸಲು ಹಳದಿ ಬಣ್ಣದ ಸಣ್ಣ ಹೂ ಬಿಡುತ್ತದೆ, ಹತ್ತಿರ ಹೋಗದೆ ಕಾಣುವುದಿಲ್ಲ. ತಾಯಿಮರಗಳಲ್ಲಿ ಹೆಚ್ಚಿನವು ಹೂ ಹೊತ್ತಿದ್ದರೆ ಮುಂದಿನ ಮೇ ತಿಂಗಳು ಬೀಜದ ವರ್ಷ ಎಂದು ತಿಳಿದು ಬೇಲಿ, ಗುಣಿ, ಜನ ಎಲ್ಲ ಹೊಂದಿಸಿಕೊಳ್ಳಲು ಎಂಟು ತಿಂಗಳು ಸಿಗುತ್ತವೆ. ಏಪ್ರಿಲ್ ಕೊನೆಗೆ ಕಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಮರದ ಕೆಳಗೆ ಹಾಸು ಹಾಸಿ ಕೊಂಬೆ ಅಲುಗಿಸಿ. ನೆಲದಲ್ಲಿ ಹಳೆಯದಾಗಿ ಬಿದ್ದದ್ದು ಬೇಡ, ಅದರಲ್ಲಿ ಹುಳು ಹೊಕ್ಕಿರುತ್ತದೆ. ಕಾಯಿ ಎರಡು ಮೂರು ಇಂಚು ಉದ್ದ, ಚಪ್ಪಟೆ, ಕಾಗದದಷ್ಟು ಹಗುರ. ಉದ್ದಕ್ಕೂ ಸಣ್ಣ ಗೆರೆಗಳಿರುತ್ತವೆ. ಒಳಗೆ ಇರುವುದು ಒಂದೇ ಬೀಜ, ಅದೂ ತೊಟ್ಟಿನ ಕಡೆ ಅಲ್ಲ, ತುದಿಯಲ್ಲಿ. ಪ್ರತಿ ಮರದಿಂದ 25 ಬೀಜ ತೆಗೆದು ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿ. ತಿರುಳು ತುಂಬಿ ಗಟ್ಟಿಯಾಗಿದ್ದರೆ ಒಳ್ಳೆಯದು, ಸುರುಟಿದ್ದರೆ ಜೊಳ್ಳು, ಸೂಜಿಮೊನೆಯಷ್ಟು ತೂತಿದ್ದು ಒಳಗೆ ಕಪ್ಪು ಪುಡಿ ಇದ್ದರೆ ಹುಳು ತಿಂದದ್ದು. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಆ ಮರದ್ದನ್ನು ಗುಣಿಗೆ ದುಪ್ಪಟ್ಟು ಹಾಕಿ. ಒಳ್ಳೆಯ ಬೀಜ ಕೊಡುವ ಎರಡು ಮರ ಸಿಕ್ಕವೆಂದು ಅವುಗಳದ್ದನ್ನೇ ಮೂಟೆಗಟ್ಟಲೆ ತರಬೇಡಿ. ಕಾಯಿ ಹಿಡಿದ ಎಲ್ಲ ಮರದಿಂದ ಸಮಪಾಲು ತಂದು ಬೆರೆಸಿದರೆ ಮಾತ್ರ ಗುಡ್ಡದ ವೈವಿಧ್ಯ ಮುಂದಿನ ತಲೆಮಾರಿಗೆ ದಾಟುತ್ತದೆ. ನೆರಳಲ್ಲಿ ಎರಡು ಮೂರು ದಿನ ಆರಿಸಿ ಬಟ್ಟೆಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಈ ಬೀಜ ವರ್ಷದೊಳಗೆ ಜೀವ ಕಳೆದುಕೊಳ್ಳುತ್ತದೆ, ಆದ್ದರಿಂದ ಅದೇ ಮಳೆಗಾಲದಲ್ಲಿ ಮುಗಿಸಬೇಕು.

ಮೊದಲ ಮಳೆಗೇ ಎಲ್ಲ ಬೀಜ ಹಾಕಬೇಕು ಎನ್ನುವುದು ಸಾಮಾನ್ಯ ಸಲಹೆ. ಕೊಪ್ಪಳ, ರಾಯಚೂರು, ಬಳ್ಳಾರಿಗೆ ಅದು ಅಷ್ಟು ಸರಿಹೋಗದು. ಇಲ್ಲಿ ಮೃಗಶಿರ ಮಳೆ ಆಸೆ ತೋರಿಸಿ ಜುಲೈನಲ್ಲಿ ಕೈ ಕೊಡುವುದುಂಟು, ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಬೀಜವನ್ನು ಎರಡು ಪಾಲು ಮಾಡಿ: ಒಂದನ್ನು ಮೃಗಶಿರ–ಆರಿದ್ರದಲ್ಲಿ ನೆಲ ಒಂದು ಗೇಣು ನೆನೆದ ಮೇಲೆ, ಇನ್ನೊಂದನ್ನು ಮಘೆ ಮಳೆ ಹೊತ್ತಿಗೆ. ಯಾವುದೋ ಒಂದು ಉಳಿಯುತ್ತದೆ.

ಗುಣಿ ಎಂದರೆ ದೊಡ್ಡ ಗುಂಡಿ ಅಲ್ಲ. ಒಂದು ಅಡಿ ಚದರ ಜಾಗದಲ್ಲಿ ಹಾರೆಯಿಂದ ಒಂದೂವರೆ ಅಡಿ ಆಳಕ್ಕೆ ಮಣ್ಣು ಸಡಿಲಿಸಿ ಅಲ್ಲೇ ಬಿಡಿ. ತಾಯಿಬೇರಿಗೆ ಮೊದಲ ತಿಂಗಳು ದಾರಿ ಸಿಗಬೇಕು, ಅಷ್ಟೇ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಸಣ್ಣ ಬದು. ರೆಕ್ಕೆ ತಿಕ್ಕಿ ತೆಗೆದ ಬೀಜವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಗುಣಿಗೆ ನಾಲ್ಕೈದರಂತೆ ಒಂದು ಸೆಂಟಿಮೀಟರ್ ಆಳದಲ್ಲಿ ಹಾಕಿ. ಆಳವಾದರೆ ಕೊಳೆಯುತ್ತದೆ. ಗುಣಿಯ ಎರಡು ಬದಿಗೆ ಚಪ್ಪಟೆ ಕಲ್ಲು ಒರಗಿಸಿ, ಕಲ್ಲಿನಡಿ ತೇವ ಹೆಚ್ಚು ದಿನ ನಿಲ್ಲುತ್ತದೆ. ಗುಣಿಯಿಂದ ಗುಣಿಗೆ ನಾಲ್ಕು ಮೀಟರ್. ತಾಯಿಮರದ ನೆರಳಿನಡಿ ಬೇಡ, ಕಮರಕ್ಕೆ ಬಿಸಿಲು ಬೇಕು. ನೀರು ನಿಲ್ಲುವ ತಗ್ಗೂ ಬೇಡ. ಮೇಲೆ ಜಾಲಿಮುಳ್ಳಿನ ಕೊಂಬೆ ಮುಚ್ಚಿ ಕಲ್ಲು ಹೇರಿ. ಮೊದಲ ಎರಡು ಮಳೆಗಾಲ ಸುತ್ತ ಒಂದು ಅಡಿ ಕಳೆ ತೆಗೆಯಬೇಕು. ಹುಲ್ಲಿನ ಬೇರಿನ ಜತೆ ಎಳೆ ಕಮರ ಪೈಪೋಟಿ ಮಾಡಲಾರದು. ಒಂದೊಂದು ಗುಣಿಗೂ ಗೂಟ ಹೊಡೆದು ನಂಬರ್ ಬರೆಯಿರಿ. ಒಣಗಿದಾಗ ಯಾರೂ ಕೀಳದಿರಲು ಅದೇ ದಾರಿ. ಗೆದ್ದಿತೋ ಸೋತಿತೋ ಎಂಬ ಲೆಕ್ಕ ಮೂರನೇ ಜೂನ್ ಕಳೆದ ಮೇಲೆ ಹಾಕಿ, ಅದಕ್ಕೆ ಮೊದಲು ಬೇಡ.

ನರ್ಸರಿ ಸಸಿಯೇ ಬೇಕೆಂದರೆ 5×8 ಇಂಚಿನ ಚೀಲದ್ದನ್ನು ಮುಟ್ಟಬೇಡಿ. ಬೇರು ಕೆಲವೇ ವಾರಗಳಲ್ಲಿ ತಳ ಮುಟ್ಟಿ ಸುರುಳಿ ಸುತ್ತುತ್ತದೆ. ನೆಟ್ಟ ಮೇಲೆ ಎರಡು ವರ್ಷ ಹಸಿರಾಗಿಯೇ ಇರುತ್ತದೆ, ಆಮೇಲಿನ ಬೇಸಿಗೆಯಲ್ಲಿ ಆಳದ ನೀರು ಎಟುಕದೆ ನಿಂತಲ್ಲೇ ಒಣಗುತ್ತದೆ, ಆಗ ಬೇರಿನ ದೋಷ ಯಾರಿಗೂ ನೆನಪಿರುವುದಿಲ್ಲ. ಒಂದೂವರೆ ಅಡಿ ಉದ್ದದ, ತಳ ತೆರೆದ ಕೊಳವೆಯಲ್ಲಿ ಬೆಳೆಸಿ ಅದೇ ಮಳೆಗಾಲದಲ್ಲಿ ನೆಟ್ಟರೆ ಸರಿ. ಬರಿಬೇರಿನ ಸಸಿ ಬದುಕುವುದಿಲ್ಲ.

ಬೇವು, ಹೊಂಗೆ ಒಳ್ಳೆಯ ಮರಗಳೇ. ಊರ ದಾರಿ, ಶಾಲೆ, ಹೊಲದ ಬದುವಿಗೆ ನೆಡಿ. ಗುಡ್ಡದ ಮೇಲೆ ಕಮರದ ನಡುವಿನ ಬಯಲಿಗೆ ಬೇಡ. ಬೇಗ ಬೆಳೆದು ನೆರಳು ಕವಿಯುತ್ತವೆ, ಕಮರದ ಸಸಿ ಬರಬೇಕಾದ ಜಾಗ ಅದೇ. ಗುಡ್ಡದ ಬುಡಕ್ಕೆ ಬಳ್ಳಾರಿ ಜಾಲಿ ಹತ್ತಿದ್ದರೆ ಈಗಲೇ ತೆಗೆಯಿರಿ. ಮೇಲಿಂದ ಕಡಿದರೆ ಇಮ್ಮಡಿ ಚಿಗುರುತ್ತದೆ, ಬುಡವನ್ನು ನೆಲದಿಂದ ಒಂದು ಅಡಿ ಕೆಳಗೆ ಅಗೆದು ಬೊಡ್ಡೆ ಸಮೇತ ಕೀಳಬೇಕು. ಕಡಿದ ಮುಳ್ಳು ಗುಣಿಯ ಬೇಲಿಗಾಯಿತು. ಆದರೆ ಕಾಯಿ ಇರುವ ಕೊಂಬೆ ಗುಡ್ಡಕ್ಕೆ ಒಯ್ಯಬೇಡಿ. ‘ಬಂದರೆ’ ಎಂಬ ಪೊದೆಗಿಡ ನಮ್ಮದೇ ನೆಲದ್ದು, ಅದನ್ನು ಹಾಗೇ ಬಿಡಿ.

ಗುಡ್ಡ ಅರಣ್ಯ ಇಲಾಖೆಯದೋ, ಕಂದಾಯದ್ದೋ ಪಹಣಿ ನೋಡಿ ಮೊದಲು ಖಚಿತ ಮಾಡಿಕೊಳ್ಳಿ. ಮೀಸಲು ಅರಣ್ಯವಾದರೆ ಬೀಜ ಆರಿಸುವುದಕ್ಕೂ ಗುಣಿ ತೋಡುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಊರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಕೇಳುವುದು ಸಲೀಸು. ಕಂದಾಯ ಭೂಮಿಯಾದರೆ ಕಲ್ಲುಗಣಿಗೆ ಗುತ್ತಿಗೆ ಹೋಗುವ ಅಪಾಯ ಹೆಚ್ಚು. ಗ್ರಾನೈಟ್ ಇರುವ ಗುಡ್ಡಕ್ಕೆ ಅದು ಬೆಂಕಿ, ಮೇಕೆಗಿಂತ ದೊಡ್ಡ ಭಯ. 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ 37 ಮರಗಳನ್ನೂ ಸುತ್ತಳತೆ, ಜಾಗದ ಸಮೇತ ಬರೆಸಿ. ಅದೇ ಕಾಯ್ದೆಯ 37ನೇ ಕಲಮಿನಡಿ ಪಾರಂಪರಿಕ ಜೀವವೈವಿಧ್ಯ ತಾಣ ಎಂದು ಘೋಷಿಸಲು ಅವಕಾಶವಿದೆ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಹೀಗೆಯೇ ಘೋಷಣೆಯಾಯಿತು. ಅದಕ್ಕೆ ಸಮಯ ಹಿಡಿಯುತ್ತದೆ, ದಾಖಲಾತಿಗೆ ಹಿಡಿಯುವುದಿಲ್ಲ. ಗಣಿ ಅರ್ಜಿ ಬಂದ ದಿನ ಮೇಜಿನ ಮೇಲಿಡಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಸದ್ಯಕ್ಕೆ ಸುತ್ತಳತೆಯ ಪಟ್ಟಿ ಮತ್ತು ಕೆಮ್ಮಣ್ಣಿನ ಪಟ್ಟೆ, ಈ ಎರಡು ಸಾಕು. ಮಾರ್ಚ್‌ನಲ್ಲಿ ಸೊಪ್ಪಿನ ಕೊಡಲಿ ಏಳುವ ಮುಂಚೆ ಕುರಿಯವರನ್ನು ಗುಡ್ಡದ ಮೇಲೇ ಕೂಡಿಸಿ, ಯಾವ 20 ಮರ ಎಂದು ಅವರ ಕೈಯಿಂದಲೇ ಆರಿಸಿ. ಯಾವ ಮರ ಯಾವ ವರ್ಷ ಕಾಯಿ ಬಿಟ್ಟಿತ್ತು ಎಂಬುದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ.